ಮೂರನೆಯ ಕಾಲು

ಮೊದಲ ಫ್ಯಾನು ಸುಟ್ಟಾಗ ಫ್ಯಾನಿನದೇ ತಪ್ಪು ಅಂದೆ.
ಎರಡನೆಯದಕ್ಕೆ ಬೈಯಲಿಕ್ಕೆ ಬೆಸ್ಕಾಂ ಇತ್ತು.
ಮೂರನೆಯದನ್ನು ಚಮನ್‌ಸಾಬರು ಗೋಣಿತಾಟಿನಲ್ಲಿ ಸುತ್ತಿ,
ಡಬ್ಬಿ ಸಮೇತ,
ಕೂಸನ್ನು ಆಸ್ಪತ್ರೆಗೆ ತಂದ ಹಾಗೆ ತಂದು
ಮಂಡಿಪೇಟೆಯ ನನ್ನ ಮೇಜಿನ ಮೇಲಿಟ್ಟು
ಏನೂ ಅನ್ನದೆ ನಿಂತರು.

ಸುಟ್ಟ ವಾರ್ನಿಷಿನ ವಾಸನೆ. ಅದರಡಿ ಮಂಡಕ್ಕಿಯ ವಾಸನೆ.

ನಲವತ್ತೊಂದು ಡಬ್ಬಿ ಮಾಡಿಕೊಟ್ಟಿದ್ದೇನೆ ಈ ಭಟ್ಟಿಗಳಿಗೆ,
ಹೊಟ್ಟಿನ ಒಲೆಗೆ ಗಾಳಿ ಊದುವ ಹನ್ನೆರಡು ವೋಲ್ಟಿನ ಫ್ಯಾನಿಗೆ.
ಗುಂಡಿ ಇತ್ತ ತಿರುಗಿಸಿದರೆ ಜೋರು, ಅತ್ತ ತಿರುಗಿಸಿದರೆ ನಿಧಾನ.
ಒಳಗೆ ಮೂರು ಕಾಲಿನ ಐಸಿ, ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆ.
ಮುಚ್ಚಿದ ಮಿಲ್ಲಿನ ಹರಾಜಿನಲ್ಲಿ ಸಿಕ್ಕ ಟ್ರಾನ್ಸ್‌ಫಾರ್ಮರು.
ನಕ್ಷೆ ಬರೆದದ್ದು ಕ್ಯಾಲೆಂಡರಿನ ಹಿಂದೆ,
ಏಪ್ರಿಲ್ ತಿಂಗಳ ಬೆನ್ನಿಗೆ. ಇನ್ನೂ ಮೊಳೆಯಲ್ಲೇ ಇದೆ.
ಪಕ್ಕದ ಅಂಗಡಿಯವರು ಅದನ್ನೇ ಕದ್ದರು. ಒಳಗೊಳಗೇ ಖುಷಿಪಟ್ಟಿದ್ದೆ.

ಮೀಟರು ಹಿಡಿದೆ.
ಒಳಕ್ಕೆ ಇಪ್ಪತ್ನಾಲ್ಕು. ಸರಿ.
ಹೊರಕ್ಕೆ ಒಂಬತ್ತು. ಸರಿ.
ಔಟ್‌ಪುಟ್ಟಿಗೂ ಅಡ್ಜಸ್ಟಿಗೂ ನಡುವೆ ಒಂದೂಕಾಲು. ಸರಿಯೇ ಸರಿ.
ಈ ಐಸಿಗೆ ಗೊತ್ತಿರುವ ಲೆಕ್ಕ ಇದೊಂದೇ:
ನೆಲ ಎಲ್ಲಿದೆ ತಿಳಿಯದು,
ಫ್ಯಾನು ಅಂತ ಒಂದಿದೆ ಎಂಬುದೂ ತಿಳಿಯದು,
ತನ್ನ ಎರಡು ಕಾಲಿನ ನಡುವೆ ಒಂದೂಕಾಲು ವೋಲ್ಟು ಇರಬೇಕು,
ಅಷ್ಟಕ್ಕಾಗಿ ಊರನ್ನೇ ಮೇಲೆತ್ತೀತು.

ಮೂರು ದಿನ ಮೇಜಿನ ಮೇಲೆ ಓಡಿತು. ಒಂದು ಕೆಮ್ಮೂ ಇಲ್ಲ.
ಕೆಪಾಸಿಟರ್ ಬದಲಿಸಿದೆ. ಬೆಸುಗೆ ಮತ್ತೆ ಹಾಕಿದೆ.
ಕೆಡದಿದ್ದನ್ನೆಲ್ಲ ರಿಪೇರಿ ಮಾಡಿದೆ.

ನಾಲ್ಕನೆಯ ದಿನ ಅವರ ಮೊಮ್ಮಗಳು ಜಬೀನಾ ಬಂದಳು.
ಪಾಲಿಟೆಕ್ನಿಕ್ಕು, ಎರಡನೇ ವರ್ಷ.
"ಡಬ್ಬಿ ಇಲ್ಲಿ ಆರಾಮೈತಿ ಹಾಲೇಶಣ್ಣ,
ಭಟ್ಟಿಗೆ ಬಂದ್ ನೋಡ್ರಿ."

ಹೋದೆ. ಬೂದಿ ಅಲ್ಲಿ ಹಗಲೆಲ್ಲ ಇಳಿಯುತ್ತದೆ,
ರೆಪ್ಪೆಯ ಮೇಲೆ, ಚಹಾದ ಮೇಲೆ,
ಗುಂಡಿಯ ಸಂದಿನಲ್ಲಿ.
ಅಂಗಡಿಗೆ ಬಂದ ಡಬ್ಬಿಗೆ ನಾನು ಮಾಡುವ ಮೊದಲ ಕೆಲಸ
ಬ್ರಷ್ಷಿನಿಂದ ಬೂದಿ ಒರೆಸುವುದು.
ಸಾಕ್ಷಿಯನ್ನೇ ಒರೆಸಿ ಆಮೇಲೆ ಕಳ್ಳನನ್ನು ಹುಡುಕುತ್ತಿದ್ದೆ.

ಅವಳು ಮುಚ್ಚಳ ಬಿಚ್ಚಿ ಬೆರಳು ತೋರಿಸಿದಳು:
"ಈ ಪಾಟಿಗೆ ಮೂರು ಕಾಲು. ಎರಡಕ್ಕೆ ವೈರ್ ಹಾಕೀರಿ.
ಇದನ್ಯಾಕೆ ಸುಮ್ನೆ ಬಿಟ್ಟೀರಿ?"

ಏನು ಹೇಳಲಿ? ಎರಡರಲ್ಲೇ ಕೆಲಸ ಆಗುತ್ತಿತ್ತು.

ಬೂದಿಯ ಒಂದು ಪುಡಿ. ನಡುವಿನ ಮುಳ್ಳು ಕೂದಲೆಳೆ ಎದ್ದರೆ ಸಾಕು,
ಅಡ್ಜಸ್ಟಿನ ಕಾಲಿಗೆ ನೆಲ ತಪ್ಪುತ್ತದೆ.
ಐಸಿ ತನ್ನ ಒಂದೂಕಾಲನ್ನು ಅಟ್ಟಿಸಿಕೊಂಡು
ಇಪ್ಪತ್ತೆರಡರವರೆಗೂ ಹತ್ತುತ್ತದೆ.
ಫ್ಯಾನು ಕಿರುಚುತ್ತದೆ, ಒಲೆ ಭುಗ್ಗೆನ್ನುತ್ತದೆ,
ಬಾಣಲೆಯ ಅಕ್ಕಿ ಅರಳುವ ಮೊದಲೇ ಕಪ್ಪು.
ಮುಳ್ಳು ಮತ್ತೆ ಕೂರುತ್ತದೆ. ಎಲ್ಲ ಸರಿ.
ನನ್ನ ಮೀಟರಿಗೂ ಸರಿ.

ಕೆಟ್ಟಿರಲಿಲ್ಲ ಏನೂ. ನಾನು ಬರೆದ ಹಾಗೇ ನಡೆದಿತ್ತು.

ಮದ್ದು ಅಕ್ಕಿಕಾಳಿನುದ್ದದ ತಂತಿ:
ಸುಮ್ಮನಿದ್ದ ಕಾಲನ್ನು ನಡುವಿನ ಕಾಲಿಗೆ ಕಟ್ಟುವುದು.
ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ್ದ ಐದು ಕೆ ಕಿತ್ತು ಒಂದು ಕೆ.
ಇನ್ನೂರ ನಲವತ್ತರ ಜಾಗದಲ್ಲಿ ನೂರ ಇಪ್ಪತ್ತು,
ಫ್ಯಾನು ಕಳಚಿದಾಗಲೂ ಐಸಿಗೆ ಹೊರಲು ಒಂದಿಷ್ಟು ಭಾರವಿರಲಿ ಅಂತ.
ಈಗ ಮುಳ್ಳು ಎದ್ದರೂ ಹನ್ನೊಂದೂಮುಕ್ಕಾಲು ದಾಟದು.
ಕೆಡುವುದಾದರೆ ಹೀಗೆ ಕೆಡು ಅಂತ
ಹನ್ನೊಂದು ವರ್ಷದ ಹಿಂದೆಯೇ ಹೇಳಿಡಬೇಕಿತ್ತು.

ಕ್ಯಾಲೆಂಡರ್ ಇಳಿಸಿ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದೆ.
ಪಕ್ಕದ ಅಂಗಡಿಗೆ ನಾನೇ ಒಯ್ದು ತೋರಿಸಿದೆ.
ಸೈಕಲ್ಲಿಗೆ ಬೆಸುಗೆ ಕಡ್ಡಿ ಕಟ್ಟಿಕೊಂಡು ಭಟ್ಟಿ ಭಟ್ಟಿ ಸುತ್ತುತ್ತಿದ್ದೇನೆ.
ದುಡ್ಡು ಬೇಡ ಅಂದರೆ ಡಬ್ಬಿ ಕೊಡಲು ಹೆದರುತ್ತಾರೆ;
ಹತ್ತು ರೂಪಾಯಿ ಅಂದರೆ ಐದಕ್ಕೆ ಇಳಿಸಿ, ಕೊಡುತ್ತಾರೆ.

ಇಪ್ಪತ್ತಾರು ಮುಗಿದವು.
ಒಂದು, ಮಾರಿದ ಭಟ್ಟಿಯ ಜೊತೆ ರಾಣೆಬೆನ್ನೂರಿಗೆ ಹೋಗಿದೆಯಂತೆ.
ಕೊಟ್ಟ ನಂಬರು ರಿಂಗಾಗುತ್ತಿಲ್ಲ.